ವೈಶಾಖದ ಮಡು



ಬೇಸಗೆಯ ಮೀನುಬೇಟೆಯನ್ನು ಕುರಿತು ಮಾತನಾಡುವೆನೆಂದೂ, ಅದೂ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯ ಬೇಟೆಯನ್ನು ಕುರಿತೆಂದೂ ಹೇಳಿದಾಗ ನನ್ನ ಮಿತ್ರರೊಬ್ಬರು ಗಟ್ಟಿಯಾಗಿ ನಕ್ಕುಬಿಟ್ಟರು. "ಅಲ್ಲಿ ವೈಶಾಖದಲ್ಲಿ ಕುಡಿಯುವ ನೀರಿಗೇ ಗಾಳ ಹಾಕಿ ಕುಳಿತಿರಬೇಕಲ್ಲ! ಮೀನೆಲ್ಲಿಂದ ಬಂತು?" ಎಂದರು. ಅವರ ನಗೆ ತಪ್ಪೆನ್ನಲಾರೆ. ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ ಬೀಳುವ ಎರೆಭೂಮಿ ಅದು. ಏಪ್ರಿಲ್ ಕಳೆಯುವ ಹೊತ್ತಿಗೆ ನೆಲವು ಕೈ ಇಳಿಯುವಷ್ಟು ಬಾಯಿಬಿಟ್ಟಿರುತ್ತದೆ. ಮಧ್ಯಾಹ್ನ ಹಕ್ಕಿಯೂ ಹಾರುವುದಿಲ್ಲ.

ಆದರೂ ಭೂಪಟವನ್ನೊಮ್ಮೆ ಬಿಡಿಸಿ ನೋಡಿದರೆ ಸಂದೇಹವು ಪರಿಹಾರವಾಗುವುದು. ಇಂಡಿ ಸಿಂದಗಿಗಳ ಉತ್ತರಕ್ಕೂ ಪೂರ್ವಕ್ಕೂ ಭೀಮೆಯು ಗಡಿಗೆರೆಯಂತೆ ಹರಿಯುತ್ತಾಳೆ. ಬಾಗೇವಾಡಿ ಮುದ್ದೇಬಿಹಾಳಗಳ ದಕ್ಷಿಣಕ್ಕೆ ಕೃಷ್ಣೆ ಇದ್ದಾಳೆ. ನಡುವೆ ಡೋಣಿ. ಡೋಣಿ ಹರಿದರೆ ಓಣಿ ತುಂಬ ಜೋಳವೆಂದು ಆ ಕಡೆಯವರು ಹಾಡಿ ಹೊಗಳುವರಾದರೂ, ಅದರ ನೀರು ಉಪ್ಪು. ಬೆಳೆಗಾರನಿಗೆ ಅದು ತಾಯಿ, ಗಾಳದವನಿಗೆ ದೂರದ ನೆಂಟಳು. ಈ ನಾಲ್ಕು ಹಳೆಯ ತಾಲ್ಲೂಕುಗಳಿಂದ ಈಚೆಗೆ ಚಡಚಣ, ಆಲಮೇಲ, ನಿಡಗುಂದಿ, ಕೊಲ್ಹಾರ, ತಾಳಿಕೋಟೆ ಮೊದಲಾದ ಹೊಸ ತಾಲ್ಲೂಕುಗಳು ಒಡೆದು ನಿಂತಿವೆ. ಮೀನುಗಳಿಗೆ ಆ ವಿಭಾಗವು ಇನ್ನೂ ತಿಳಿದಿಲ್ಲವಾದುದರಿಂದ ನಾನೂ ಹಳೆಯ ಹೆಸರುಗಳಲ್ಲಿಯೇ ಮುಂದುವರಿಯುತ್ತೇನೆ.

ಮೀನಿನ ಬೇಟೆಯನ್ನು ಪಶ್ಚಿಮ ದೇಶದವರೂ ವಿನೋದವಾಗಿ ಕಲಿತಿದ್ದಾರೆ. ಕೆನಡಾದ ಸರೋವರಗಳಲ್ಲಿ ಟ್ರೌಟ್ ಎಂಬ ಮೀನಿನ ಒಂದು ದೊಡ್ಡ ಜಾತಿಯುಂಟು. ಸುಮಾರು 10 ಡಿಗ್ರಿಯ ತಂಪು ನೀರು ಅದಕ್ಕೆ ಪ್ರಿಯ. ಬೇಸಗೆಯಲ್ಲಿ ಮೇಲಿನ ನೀರು ಬೆಚ್ಚಗಾದೊಡನೆ ಅದು ಆಳದ ಕತ್ತಲೆಗೆ ಇಳಿದುಬಿಡುತ್ತದೆ. ಬೇಟೆಗಾರರು ಕಾಡಿನ ನಡುವಣ ಒಂಟಿ ವಸತಿಗಳಲ್ಲಿ ತಂಗಿ, ದಾರಕ್ಕೆ ಭಾರ ಕಟ್ಟಿ, ನೂರಾರು ಅಡಿ ಕೆಳಗೆ ಗಾಳವನ್ನಿಳಿಸಿ ಅದನ್ನು ಹುಡುಕುವರು. ಟ್ರೌಟಿನ ಬೇರೆ ಜಾತಿಗಳನ್ನು ಆಂಗ್ಲರು ನೀಲಗಿರಿಗೂ ಕಾಶ್ಮೀರಕ್ಕೂ ತಂದು ಬಿಟ್ಟರು. ನಮ್ಮ ಬಯಲುಸೀಮೆಗೆ ತರುವ ಸಾಹಸವನ್ನು ಮಾತ್ರ ಯಾರೂ ಮಾಡಲಿಲ್ಲ. ತಂದಿದ್ದರೆ ಅದು ದಾರಿಯಲ್ಲಿಯೇ ಬೆಂದು ಹೋಗುತ್ತಿತ್ತು.

ಇದರ ಹಿಂದಿರುವ ಶಾಸ್ತ್ರ ಸರಳ. ನೀರು ತಂಪಾದಷ್ಟೂ ಅದರಲ್ಲಿ ಪ್ರಾಣವಾಯು ಹೆಚ್ಚು ಕರಗಿರಬಲ್ಲುದು. 10 ಡಿಗ್ರಿಯ ನೀರಿನ ಒಂದು ಲೀಟರಿನಲ್ಲಿ ಸುಮಾರು 11 ಮಿಲಿಗ್ರಾಂ ಹಿಡಿಸಿದರೆ, 30 ಡಿಗ್ರಿಯ ನೀರಿನಲ್ಲಿ ಏಳೂವರೆ ಮಾತ್ರ. ಮೀನಿಗಾದರೋ ನೀರು ಬಿಸಿಯಾದಷ್ಟೂ ಮೈಯೊಳಗಿನ ವ್ಯಾಪಾರ ಚುರುಕಾಗಿ ಉಸಿರು ಹೆಚ್ಚು ಬೇಕಾಗುವುದು. ವೆಚ್ಚ ಏರುತ್ತದೆ, ಬೊಕ್ಕಸ ಇಳಿಯುತ್ತದೆ. ಇದೊಂದು ಮಾತನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಂಡಿರಿ; ಮುಂದೆ ಹೇಳಬೇಕಾದುದೆಲ್ಲ ಇದರ ಮೇಲೆಯೇ ನಿಂತಿದೆ.

ಕೆನಡಾದ ಟ್ರೌಟಿಗೆ ಸರೋವರದ ಆಳವು ಹೇಗೋ ನಮ್ಮ ಹೊಳೆಯ ಮೀನಿಗೆ ಮಡುವು ಹಾಗೆ. ಹೊಳೆ ಬತ್ತಿ, ಮರಳು ಬೆಳ್ಳಗೆ ಬಿದ್ದು, ಎತ್ತಿನ ಗಾಡಿಗಳು ನಡುಹೊಳೆಯಲ್ಲಿ ದಾಟುವ ಕಾಲದಲ್ಲಿ, ಬಂಡೆಯ ಮರೆಯಲ್ಲಿಯೋ ತಿರುವಿನ ಕೆಳಗೋ ಅಲ್ಲೊಂದು ಇಲ್ಲೊಂದು ಕಪ್ಪು ನೀರಿನ ಹೊಂಡ ಉಳಿಯುವುದು. ಮೈಲಿಗಟ್ಟಲೆ ಹೊಳೆಯ ಜೀವವೆಲ್ಲ ಆಗ ಆ ಹೊಂಡದಲ್ಲಿ ತಲೆಮರೆಸಿಕೊಂಡಿರುವುದು. ಮೀಸೆ ಹೊತ್ತ ಹೆಬ್ಬಾಯಿಯ ಬಾಳೆಮೀನು, ಬಂಡೆಯ ಸಂದಿಯ ಹಾವುಮೀನು, ಬುಡದ ಪಾಚಿಯನ್ನು ಮೇಯುವ ಗೆಂಡೆಗಳು, ಇವೆಲ್ಲ ಬೇರೆ ಕಾಲದಲ್ಲಿ ದೂರ ದೂರ ಸಂಸಾರ ಹೂಡಿದ್ದವು. ವೈಶಾಖದಲ್ಲಿ ಒಂದೇ ಧರ್ಮಶಾಲೆಯಲ್ಲಿ ತಂಗಿದ ಯಾತ್ರಿಕರಾಗುವುವು. ಬೇಟೆಗಾರನಿಗೆ ಇದಕ್ಕಿಂತ ಸುಲಭವಾದ ಕಾಲವಿಲ್ಲ. ಸುಲಭವೆಂಬುದೇ ಇಲ್ಲಿಯ ತೊಡಕು.

ಈಗ ಮಡುಗಳ ಸ್ಥಿತಿಯೂ ಮೊದಲಿನಂತಿಲ್ಲ. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟ ಆಲಮಟ್ಟಿಯ ಅಣೆಕಟ್ಟು ಅನೇಕ ವರ್ಷಗಳ ತರುವಾಯ ಪೂರ್ಣವಾಗಿ, ಸಮುದ್ರಮಟ್ಟದಿಂದ 519.6 ಮೀಟರಿನವರೆಗೆ ನೀರು ನಿಲ್ಲುವಂತಾಯಿತು. ಹಿಡಿಸುವ ನೀರು ಸುಮಾರು 123 ಟಿ.ಎಂ.ಸಿ. ಅದರ ಕೆಳಗೆ ಮುದ್ದೇಬಿಹಾಳದ ಅಂಚಿನಲ್ಲಿ ನಾರಾಯಣಪುರದ ಬಸವಸಾಗರ. ಕೃಷ್ಣೆಯ ಹಳೆಯ ಮಡುಗಳು ಈ ಎರಡು ಸಾಗರಗಳ ಕೆಳಗೆ ಮುಳುಗಿದವು. ಹಳೆಯ ಕೊಲ್ಹಾರವೂ ಮುಳುಗಿತು. ಅಲ್ಲಿಯ ಗಟ್ಟಿಮೊಸರು ಮಾತ್ರ ಪುಣ್ಯವಶದಿಂದ ತೇಲಿ ಮೇಲಕ್ಕೆ ಬಂದಿದೆ. ಭೀಮೆಯ ಕಥೆ ಇದಕ್ಕೆ ವಿರುದ್ಧವಾದುದು. ಮೇಲೆ ಮಹಾರಾಷ್ಟ್ರದ ಉಜನಿಯಲ್ಲಿ ಅಣೆಕಟ್ಟು, ಕೆಳಗೆ ಅಲ್ಲಲ್ಲಿ ಬಾಂದಾರಗಳು. ನಡುವೆ ಮರಳು ತೆಗೆದ ಗುಂಡಿಗಳು. ಒಂದು ಹೊಳೆಯಲ್ಲಿ ಮಡುವು ನೀರು ಹೆಚ್ಚಾಗಿ ಹೋಯಿತು. ಇನ್ನೊಂದರಲ್ಲಿ ನೀರಿಲ್ಲದೆ ಹೋಗುತ್ತಿದೆ.

ಕೆಲವು ವರ್ಷಗಳ ಹಿಂದೆ ವೈಶಾಖದಲ್ಲಿಯೇ ನಾನು ಕೃಷ್ಣೆಯ ಹಿನ್ನೀರಿನ ದಂಡೆಯ ಒಂದು ಒಂಟಿ ಬಂಗಲೆಯಲ್ಲಿ ನಾಲ್ಕು ದಿನ ತಂಗಿದ್ದೆನು. ಸುತ್ತ ಎರಡು ಮೈಲಿ ಮನೆಯಿಲ್ಲ. ನೀರು ಬಹಳ ಕೆಳಗಿಳಿದು, ಮುಳುಗಿದ್ದ ಒಂದು ಹಳೆಯ ಬಾವಿಯ ಕಲ್ಲುಕಟ್ಟೆ ಕೆಸರಿನಿಂದ ಮೇಲೆದ್ದು ಕಾಣುತ್ತಿತ್ತು. ಬಂಗಲೆಯ ಅಡಿಗೆಯವನು ಮೊದಲ ದಿನವೇ ನನ್ನ ಗಾಳದ ಕೋಲನ್ನು ನೋಡಿ, "ಹಿಡೀರಿ, ಬ್ಯಾಡ ಅನ್ನಂಗಿಲ್ರಿ. ಖರೆ ಈ ಒಲಿ ಮ್ಯಾಲ ಮೀನ ಇಡಂಗಿಲ್ರಿ" ಎಂದು ಕಟ್ಟಪ್ಪಣೆ ಮಾಡಿದನು. ಬಸವಣ್ಣನವರು ಹುಟ್ಟಿದ ನೆಲವಲ್ಲವೆ, ನಾನು ಒಪ್ಪಿಕೊಂಡೆನು. ಅವನು ಬಡಿದು ಕೊಡುತ್ತಿದ್ದ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾಚಟ್ನಿ, ಮೇಲೆ ಕೊಲ್ಹಾರದ ಮೊಸರು, ಇವುಗಳ ಮುಂದೆ ಒಪ್ಪಂದವು ನನಗೆ ನಷ್ಟದ್ದಾಗಲಿಲ್ಲ.

ನೀರಿನ ಮೇಲಿನ ಗುರು ಬೇರೊಬ್ಬನಿದ್ದನು. ಪರವಾನಗಿ ಪಡೆದು ಬಲೆ ಬೀಸುತ್ತಿದ್ದ ಅಂಬಿಗರ ಮುದುಕ, ಎಪ್ಪತ್ತು ದಾಟಿದವನು. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯನಂಥ ವಚನಕಾರನನ್ನು ಕೊಟ್ಟ ಕುಲ; ನೇರವಾಗಿ ಮಾತನಾಡುವ ಗುಣ ಇನ್ನೂ ಅಳಿದಿಲ್ಲ. ಊರಿನವರೆಲ್ಲ ಕರೆಯುವಂತೆ ನಾನೂ ಆತನನ್ನು ಮುತ್ತ್ಯಾ ಎಂದೇ ಕರೆದೆನು. ಆತನ ಹರಿಗೋಲಿನಲ್ಲಿ ಒಂದು ಕಡೆ ನಾನು, ಒಂದು ಕಡೆ ಆತನ ಹತ್ತು ವರ್ಷದ ಮೊಮ್ಮಗ. ಮೊಸಳೆಗಳಿರುವ ನೀರಾದುದರಿಂದ ಕೈಯನ್ನು ಹೊರಗೆ ಇಳಿಬಿಡಬಾರದೆಂಬುದು ಹುಡುಗನು ನನಗೆ ಕಲಿಸಿದ ಮೊದಲ ಪಾಠ.

ಎರಡನೆಯ ದಿನ ಬೆಳಗಿನಿಂದ ಏನೂ ಸಿಕ್ಕಿರಲಿಲ್ಲ. ಹತ್ತು ಗಂಟೆಗೆ ಮುತ್ತ್ಯಾ ದಂಡೆಗೆ ಹೊರಳಿಸಿದನು. "ಸಾಕ್ರಿ ಸಾಹೇಬ್ರ, ನೀರ ಕಾದೈತಿ. ಇನ್ನ ಸಂಜೀಕ ನೋಡೂಣು" ಎಂದನು. ನಾನು ಕೇಳಲಿಲ್ಲ. ಹಟದಿಂದ, ಹುಣಿಸೆಯ ಮರದ ನೆರಳಿರುವ ಒಂದು ಮೂಲೆಯಲ್ಲಿ ಜೋಳದ ಹಿಟ್ಟಿನ ಉಂಡೆಯನ್ನು ಗಾಳಕ್ಕೆ ಚುಚ್ಚಿ ದಂಡೆಯಿಂದಲೇ ಎಸೆದು ಕುಳಿತೆನು. ನಡುಮಧ್ಯಾಹ್ನ ಬೆಂಡು ಒಮ್ಮೆ ನಡುಗಿತು, ಮರುಕ್ಷಣ ಮಾಯವಾಯಿತು. ಆ ನಲವತ್ತು ನಿಮಿಷಗಳನ್ನು ವರ್ಣಿಸುವ ಆಸೆ ನನಗೆ ಬಹಳವಾಗಿದೆ. ಬೇಟೆಗಾರರ ಚಪಲ ನಿಮಗೆ ಗೊತ್ತೇ ಇರುವುದರಿಂದ ತಡೆದುಕೊಳ್ಳುತ್ತೇನೆ. ಕೊನೆಗೆ ದಂಡೆಗೆ ಬಂದುದು ಆರೇಳು ಕಿಲೋ ತೂಗುವ ರೋಹು. ಗಂಗೆಯ ಬಯಲಿನ ಈ ಗೆಂಡೆಯನ್ನು ಕಟ್ಲಾ, ಮೃಗಾಲಗಳೊಡನೆ ಮೀನುಗಾರಿಕೆಯ ಇಲಾಖೆಯವರು ಜಲಾಶಯಗಳಲ್ಲಿ ಬಿತ್ತಿ ಬೆಳೆಸಿದ್ದಾರೆ. ತಾಮ್ರದ ಬಣ್ಣದ ಅದರ ಹೊರೆಗಳು ಬಿಸಿಲಿನಲ್ಲಿ ಮಿಂಚಿದುವು. ನಾನು ಅದನ್ನೆತ್ತಿ ಹಿಡಿದು, ಹುಡುಗನ ಕೈಗೆ ಯಂತ್ರವನ್ನು ಕೊಟ್ಟು ಚಿತ್ರ ತೆಗೆಯಿಸಿಕೊಂಡೆನು. ಒಂದು ಚೆನ್ನಾಗಿ ಬರಲಿಲ್ಲವೆಂದು ಇನ್ನೊಂದು. ಆಮೇಲೆ ಬಹು ಗಂಭೀರವಾಗಿ ಮೀನನ್ನು ನೀರಿಗೆ ಬಿಟ್ಟೆನು. ಅದು ನಿಧಾನವಾಗಿ ಬಾಲವನ್ನಾಡಿಸಿ ಕೆಳಗಿಳಿಯಿತು. ಜೀವದಾನ ಮಾಡಿದವನ ಮುಖಕ್ಕೆ ಬರುವ ಕಳೆ ಆಗ ನನ್ನ ಮುಖಕ್ಕೂ ಬಂದಿರಬೇಕು. ಮುತ್ತ್ಯಾ ದೂರದಿಂದ ನೋಡುತ್ತಿದ್ದನು, ಏನೂ ಅನ್ನಲಿಲ್ಲ.

ಮರುದಿನ ನಸುಕಿನಲ್ಲಿ ಹರಿಗೋಲು ಆ ಮೂಲೆಯನ್ನು ಹಾದುಹೋಯಿತು. ಮುತ್ತ್ಯಾ ಹುಟ್ಟನ್ನು ನಿಲ್ಲಿಸಿ ತೋರಿಸಿದನು. ಬಿಳಿಯ ಹೊಟ್ಟೆ ಮೇಲಾಗಿ, ಜೊಂಡಿಗೆ ಒತ್ತಿಕೊಂಡು, ನನ್ನ ರೋಹು ತೇಲುತ್ತಿತ್ತು. ತುಟಿಯ ಮೇಲೆ ಗಾಳದ ಗಾಯವಿತ್ತು. ಬೇರೆ ಮೀನೆಂದು ವಾದಿಸುವುದಕ್ಕೂ ಅವಕಾಶವಿರಲಿಲ್ಲ.

"ಬಿಟ್ಟದ್ದ ಪುಣ್ಯ ಅಂತ ತಿಳಕೊಂಡ್ರಿ. ಕಾದ ನೀರಾಗ ಅಷ್ಟೊತ್ತು ಜಗ್ಗ್ಯಾಡಿದ್ರ ಮೀನಕ್ಕ ಉಸರ ಎಲ್ಲಿ ಉಳಿತೈತ್ರಿ? ನನಗ ಕೊಟ್ಟಿದ್ರ ಎರಡ ಮನಿ ಉಣ್ತಿದ್ವು" ಎಂದನು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಅನ್ನ ಕೆಟ್ಟುದಕ್ಕೆ ಆಗುವ ಸಂಕಟ, ಅಷ್ಟೆ. ಹುಡುಗನು ನನ್ನ ಮುಖವನ್ನು ನೋಡದೆ ನೀರನ್ನು ನೋಡುತ್ತಿದ್ದನು.

ಹಿಡಿದ ಮೀನನ್ನು ಬಿಟ್ಟುಬಿಡಬೇಕೆಂಬ ವ್ರತವನ್ನು ನಾನು ಕಲಿತದ್ದು ನಮ್ಮ ಕಾವೇರಿಯ ದಂಡೆಯ ಬೇಟೆಗಾರರಿಂದ. ಬಂಗಲೆಯ ಜಗುಲಿಯಲ್ಲಿ ಆ ಮಧ್ಯಾಹ್ನ ಅದನ್ನೇ ಯೋಚಿಸುತ್ತ ಕುಳಿತೆನು. ಕಾವೇರಿಯ ಮಾಶೀರ್ ಮೀನಿನ ಖ್ಯಾತಿ ಲೋಕಕ್ಕೆಲ್ಲ ಹಬ್ಬಿದ್ದು ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಎಚ್. ಎಸ್. ಥಾಮಸರು 1873ರಲ್ಲಿ ಬರೆದ ಗ್ರಂಥದ ಕಾಲದಿಂದ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಪಿಲೆಯಲ್ಲಿ ಹಿಡಿದ ಮಾಶೀರ್ 120 ಪೌಂಡು ತೂಗಿತು. ಅಂದಿನವರು ಹಿಡಿದುದನ್ನು ಬಿಡುತ್ತಿರಲಿಲ್ಲ. 1970ರ ದಶಕದ ತರುವಾಯ ಭೀಮೇಶ್ವರಿ, ದೊಡ್ಡಮಕಳಿ, ಗಾಲಿಬೋರೆಗಳಲ್ಲಿ ಬೇಟೆಯ ಬಿಡಾರಗಳು ಎದ್ದಾಗ, ಹಿಡಿದು ತೂಗಿ ಬಿಡುವ ಪದ್ಧತಿ ಬಂದಿತು. ಬಲೆ ಹಾಕುತ್ತಿದ್ದವರೇ ಮೀನು ತೋರಿಸುವ ಮಾರ್ಗದರ್ಶಿಗಳಾದರು, ಕಾವಲುಗಾರರೂ ಆದರು. ಇದು ಸಣ್ಣ ಉಪಕಾರವಲ್ಲ. ಸಿಡಿಮದ್ದು ಹಾಕುವವರು ಅಂಜಿದ್ದು ಕಾನೂನಿಗಿಂತ ಹೆಚ್ಚಾಗಿ ಆ ಕಾವಲಿಗೆ. ಮದ್ದು ವಿಷಗಳನ್ನು ನಿಷೇಧಿಸುವ ಕಾನೂನೇನೋ 1897ರಷ್ಟು ಹಿಂದಿನಿಂದ ಇದ್ದೇ ಇದೆ. ಕಡೆಗೆ, ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂದು 1972ರ ವನ್ಯಜೀವಿ ಕಾನೂನಿಗೆ ಅರ್ಥವಾಗಿ, 2012ರ ಹೊತ್ತಿಗೆ ಆ ಬಿಡಾರಗಳಲ್ಲಿ ಗಾಳವು ನಿಂತಿತು. ಸರಿಯೋ ತಪ್ಪೋ ಎಂಬ ವಾದವು ಇನ್ನೂ ಮುಗಿದಿಲ್ಲ.

ಈ ಕಥೆಗೂ ಭೀಮೆಗೂ ಒಂದು ನಂಟುಂಟು. ನನಗೆ ಅದು ಬಹಳ ದಿನಗಳ ಮೇಲೆ ತಿಳಿಯಿತು. ಕಂಪನಿ ಸರಕಾರದ ಸೈನ್ಯದಲ್ಲಿದ್ದ ಸೈಕ್ಸ್ ಎಂಬ ಅಧಿಕಾರಿ ದಖ್ಖನ್ನಿನ ಮೀನುಗಳನ್ನೆಲ್ಲ ಪರಿಶೀಲಿಸಿ 1839ರಲ್ಲಿ ಒಂದು ಮಾಶೀರಿಗೆ ಶಾಸ್ತ್ರೀಯವಾದ ಹೆಸರಿಟ್ಟನು. ಅದು ಅವನಿಗೆ ದೊರಕಿದ್ದು ಪುಣೆಯ ಬಳಿಯ ಮುಳಾ ಮುಠಾ ನದಿಯಲ್ಲಿ. ಆ ನದಿ ಸೇರುವುದು ಭೀಮೆಯನ್ನು. ಇಂಡಿಯ ಮುಂದೆ, ಸಿಂದಗಿಯ ಮುಂದೆ ಹರಿದುಹೋಗುವ ನೀರಿನ ತವರಿನ ಮೀನು ಅದು. ಲೋಣಾವಳೆಯ ಬಳಿ ಟಾಟಾ ವಿದ್ಯುತ್ ಸಂಸ್ಥೆಯವರು ಈ ಜಾತಿಯನ್ನು ಸಾಕಿ ಮರಿ ಮಾಡಿಸಿದರು. ಕಾವೇರಿಯಲ್ಲಿ ಮೀನು ಕಡಿಮೆಯಾಯಿತೆಂದು ಚಿಂತಿಸಿದ ಬೇಟೆಗಾರರು ಆ ಮರಿಗಳನ್ನು ತರಿಸಿ ಕಾವೇರಿಗೆ ಬಿಟ್ಟರು. ಒಳ್ಳೆಯ ಮನಸ್ಸಿನಿಂದಲೇ ಬಿಟ್ಟರು. ಹೊಸಬನು ಹೊಳೆಯನ್ನೆಲ್ಲ ತುಂಬಿಕೊಂಡನು; ಕಾವೇರಿಯ ಸ್ವಂತ ಸಂತಾನವಾದ ಗೂನುಬೆನ್ನಿನ ಮಾಶೀರ್, ಲೋಕವನ್ನೆಲ್ಲ ಕರೆಸಿಕೊಂಡಿದ್ದ ಆ ಹಿರಿಯ ಮೀನು, ಅಪರೂಪವಾಯಿತು. ಅದರ ಸರಿಯಾದ ಶಾಸ್ತ್ರೀಯ ಹೆಸರು ಯಾವುದೆಂಬುದು ನಿಶ್ಚಯವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯ ಅತ್ಯಂತ ಕಟ್ಟಕಡೆಯ ಮೆಟ್ಟಿಲಿಗೆ ಸೇರಿತು. ಹೆಸರಿಡುವ ಶಾಸ್ತ್ರವೂ ಚರಮಗೀತೆಯೂ ಹೆಚ್ಚುಕಡಿಮೆ ಒಂದೇ ದಿನ!

ನಾನು ರೋಹುವನ್ನು ಬಿಟ್ಟ ರೀತಿಗೂ ಅವರು ಮರಿಗಳನ್ನು ಬಿಟ್ಟ ರೀತಿಗೂ ಹೋಲಿಕೆಯನ್ನು ಹುಡುಕುವುದು ಹೆಚ್ಚಾದೀತು. ನೀರನ್ನು ವಿಚಾರಿಸದೆ ಬಿಟ್ಟದ್ದು ಮಾತ್ರ ಇಬ್ಬರಿಗೂ ಸಮಾನ. ಬಿಡುವ ವ್ರತವು ತಂಪು ದೇಶದಲ್ಲಿ ಹುಟ್ಟಿದುದು. ಅಲ್ಲಿ ಸೋತ ಮೀನು ನೀರಿಗೆ ಮರಳಿದರೆ ಕಳೆದುಕೊಂಡ ಉಸಿರನ್ನು ತುಂಬಿಕೊಳ್ಳಬಲ್ಲುದು. ವೈಶಾಖದ ನಡುಹಗಲು ನಮ್ಮ ಹಿನ್ನೀರಿನ ದಂಡೆಯಲ್ಲಿ ಅದು ಮರಳಿದ್ದು ಬರಿದಾದ ಬೊಕ್ಕಸಕ್ಕೆ. ಅಲ್ಲಿ ಬಿಡಬೇಕೆನ್ನುವವನು ನಸುಕಿನಲ್ಲಿ ಮಾತ್ರ ಗಾಳ ಹಾಕಬೇಕು, ಗಟ್ಟಿಯಾದ ದಾರದಿಂದ ಬೇಗನೆ ಎಳೆದುಕೊಳ್ಳಬೇಕು, ಮೀನನ್ನು ನೀರಿನಿಂದ ಎತ್ತದೆಯೇ ಗಾಳವನ್ನು ಕಳಚಬೇಕು. ಚಿತ್ರದ ಆಸೆಯನ್ನು ಮನೆಯಲ್ಲಿಟ್ಟು ಬರಬೇಕು. ಅಷ್ಟು ಆಗದಿದ್ದರೆ ಹಿಡಿದುದನ್ನು ಹಸಿದವರಿಗೆ ಕೊಡುವುದು ಹೆಚ್ಚು ಪ್ರಾಮಾಣಿಕವಾದ ಕೆಲಸ. ಇದು ನನ್ನ ಅಭಿಪ್ರಾಯ. ಕಾವೇರಿಯ ಹಳೆಯ ಮಿತ್ರರು ಒಪ್ಪಲಾರರು.

ಮಡುವನ್ನೇ ಮುಟ್ಟದೆ ಬಿಡುವ ಇನ್ನೊಂದು ವ್ರತವು ನಮ್ಮಲ್ಲಿ ಹಳೆಯದು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ, ದಕ್ಷಿಣ ಕನ್ನಡದ ಶಿಶಿಲದಲ್ಲಿ ದೇವಾಲಯದ ಮುಂದೆ, ಮೊಳಗಟ್ಟಲೆ ಉದ್ದದ ಮೀನುಗಳು ಕಡುಬೇಸಗೆಯಲ್ಲಿಯೂ ನಿರ್ಭಯವಾಗಿ ತೇಲುತ್ತಿರುವುವು. ದೇವರ ಹೆಸರೂ ಎಲ್ಲ ಕಾಲದಲ್ಲಿ ಕಾಯಲಾರದು; ಶಿಶಿಲದಲ್ಲಿ 1996ರಲ್ಲಿ ಯಾರೋ ನೀರಿಗೆ ವಿಷವಿಕ್ಕಿ ಸಾವಿರಾರು ಮೀನುಗಳನ್ನು ಕೊಂದರು. ಆದರೂ ಮೇಲಿನಿಂದ ಕೆಳಗಿನಿಂದ ಮೀನು ಬಂದು ಮಡು ಮತ್ತೆ ತುಂಬಿತು. ಒಂದು ಮಡು ಉಳಿದರೆ ಹೊಳೆಗೆ ಬೀಜ ಉಳಿದಂತೆ. ಮುದ್ದೇಬಿಹಾಳದ ತಂಗಡಗಿಯಲ್ಲಿ ನೀಲಮ್ಮನ ಸನ್ನಿಧಿ, ಭೀಮೆಯ ಆಚೆಯ ದಡದಲ್ಲಿ ಗಾಣಗಾಪುರ. ಕ್ಷೇತ್ರಗಳಿಗೆ ನಮ್ಮ ಸೀಮೆಯಲ್ಲಿ ಕೊರತೆಯಿಲ್ಲ. ಎದುರಿನ ನೀರನ್ನು ಬೇಸಗೆಯ ಎರಡು ತಿಂಗಳಾದರೂ ದೇವರ ಮಡುವೆಂದು ಗೊತ್ತುಮಾಡಲು ಖರ್ಚೇನೂ ತಗಲದು.

ಮೂರನೆಯ ಸಂಜೆ ಮುತ್ತ್ಯಾ ನನಗೆ ಇನ್ನೊಂದನ್ನು ತೋರಿಸಿದನು. ಜೊಂಡಿನ ನಡುವೆ ನೀರಿನ ಮೇಲೆ ಒಂದು ಕೆಂಪು ಮೋಡ ಚಲಿಸುತ್ತಿತ್ತು; ಮುಷ್ಟಿಯಷ್ಟು ಕುಗ್ಗುವುದು, ಮೊರದಷ್ಟು ಹಿಗ್ಗುವುದು. ಕೊರವ ಮೀನಿನ ಮರಿಗಳ ಹಿಂಡು. ಹಾವಿನ ತಲೆಯ ಈ ಮೀನು ವಿಚಿತ್ರವಾದುದು. ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲುದಾದುದರಿಂದ, ಬೇರೆ ಮೀನುಗಳು ಸಾಯುವ ಕೆಸರಿನಲ್ಲಿಯೂ ಇದು ಬದುಕುವುದು. ಬೇಸಗೆಗೆ ಅಂಜದ ಈ ಪ್ರಾಣಿಗೆ ಇರುವ ದೌರ್ಬಲ್ಯ ಒಂದೇ: ತಂದೆತಾಯಿಗಳು ಮರಿಗಳನ್ನು ಬಿಟ್ಟು ಹೋಗುವುದಿಲ್ಲ. ಹಿಂಡಿನ ನಡುವೆ ಕಪ್ಪೆಮರಿಯನ್ನು ಚುಚ್ಚಿದ ಗಾಳ ಬಿದ್ದರೆ, ಹಸಿವಿಲ್ಲದಿದ್ದರೂ ಮರಿಗಳ ರಕ್ಷಣೆಗಾಗಿ ಅದರ ಮೇಲೆ ಎರಗುವುವು. ಹೀಗೆ ಹಿಡಿಯುವುದನ್ನು ಜಾಣತನವೆಂದು ಹೇಳಿಕೊಳ್ಳುವವರನ್ನು ನಾನು ಬಲ್ಲೆ. ಕಾವಲು ಹೋದ ಮರಿಗಳು ಸಂಜೆಯೊಳಗೆ ಬೇರೆ ಮೀನುಗಳ ಪಾಲಾಗುವುವು.

"ಇದನ್ನ ಯಾಂವ ಹಿಡೀತಾನ್ರಿ" ಎಂದು ಮುತ್ತ್ಯಾ ಹುಟ್ಟನ್ನು ಮೆಲ್ಲಗೆ ಹಿಂದಕ್ಕೆ ಹಾಕಿದನು. "ಮಿರಗ ಕೂಡಿತಂದ್ರೂ ನಾವು ಬಲಿ ಎತ್ತಿ ಇಡ್ತೀವ್ರಿ. ಹೊಸ ನೀರಿಗೆ ಬಸರಿ ಮೀನ ಮ್ಯಾಲ ಹತ್ತಾವ." ಮೃಗಶಿರೆಯ ಮೊದಲ ಕೆಂಪು ನೀರಿನಲ್ಲಿ ತತ್ತಿ ತುಂಬಿದ ಗೆಂಡೆಗಳು ಹಳ್ಳಕೊಳ್ಳಗಳಿಗೆ ಏರಿ ಹೋಗುವುವೆಂಬುದು ನಿಜ. ಅದೇ ನೀರಿನಲ್ಲಿ ಸಿಡಿಹಳ್ಳಗಳ ಸೇತುವೆಯ ಕೆಳಗೆ ಸೊಳ್ಳೆಪರದೆಗಳನ್ನು ಹಿಡಿದು ನಿಲ್ಲುವವರನ್ನೂ ನಾನು ಕಂಡಿದ್ದೇನೆ. ಮುತ್ತ್ಯಾನ ಮಾತನ್ನು ಇಡೀ ಸೀಮೆಯ ಶೀಲವೆಂದು ಹೇಳಿದರೆ ಸುಳ್ಳಾದೀತು. ಆತನ ಮನೆಯ ಶೀಲ ಅದು. ಮಳೆಗಾಲದ ಆ ತಿಂಗಳುಗಳಲ್ಲಿ ಮನೆ ಹೇಗೆ ನಡೆಯುವುದೆಂದು ಕೇಳಿದೆನು. "ಸಾಲ" ಎಂದನು.

ನಾಲ್ಕನೆಯ ದಿನ ನಾನು ಗಾಳ ಹಾಕಲಿಲ್ಲ. ದಂಡೆಯ ಮೇಲೆ ಹರಿಗೋಲನ್ನು ಬೋರಲು ಹಾಕಿ ಮುತ್ತ್ಯಾ ಕಾಯಿಸಿದ ಡಾಂಬರನ್ನು ಬಳಿಯುತ್ತಿದ್ದನು. ಮೊಮ್ಮಗನು ನನ್ನ ಗಾಳದ ಕೋಲನ್ನು ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ, ಅದರ ಚಕ್ರವನ್ನು ತಿರುಗಿಸಿ ಬಹಳ ಹೊತ್ತು ಆಟವಾಡಿದನು. ಅನಂತರ, "ಇದಕ್ಕ ಎಷ್ಟ್ ಕೊಟ್ರಿ?" ಎಂದು ಕೇಳಿದನು. ನಾನು ನಾಚಿಕೆಯಿಂದ ಸ್ವಲ್ಪ ಕಡಿಮೆ ಮಾಡಿಯೇ ಹೇಳಿದೆನು. ಹುಡುಗನು ಬೆಲೆಯನ್ನು ಅಜ್ಜನಿಗೆ ಕೂಗಿ ಮುಟ್ಟಿಸಿದನು. ಮುತ್ತ್ಯಾ ಕೈಯ ಕುಂಚವನ್ನು ನಿಲ್ಲಿಸಿ ಒಂದು ಕ್ಷಣ ಲೆಕ್ಕ ಹಾಕಿದನು.

"ಎರಡ ಹರಿಗೋಲ ಬರ್ತಾವಲ್ಲೋ ತಮ್ಮಾ" ಎಂದು ಮತ್ತೆ ಡಾಂಬರಿಗೆ ಕುಂಚವನ್ನದ್ದಿದನು.